ಈ ವರ್ಷದ ಮೊದಲ ಬಾತು

ಕಾಮಿಸ್ತಿ, ಇಲಿ ನದಿ ದಂಡೆ
ಅಕ್ಟೋಬರ್ ೨೯

ನನ್ನ ಮುದ್ದುಹುಡುಗಿಗೆ,

ನಿನ್ನ ಅತ್ತಿಗೆಯ ಪ್ರೀತಿಯ ಅಪ್ಪುಗೆ. ನಿನಗೆ ಮೊಮ್ಮಕ್ಕಳಾದರೂ, ನಾನು ಸೊಸೆಯಾಗಿ ಬಂದ ದಿನ ನಿನಗಿಟ್ಟ ಹೆಸರಲ್ಲೇ ಕರೆಯುತ್ತೇನೆ. ಗಂಡನ ಮನೆಯವರನ್ನು ಹೆಸರು ಹಿಡಿದು ಕೂಗುವುದನ್ನು ಈ ವಯಸ್ಸಿನಲ್ಲಿ ಕಲಿಯಲಾರೆ. ಕಾಗದ ತಡವಾಯಿತು, ಬೈಯಬೇಡ. ಪ್ರತಿವರ್ಷ ನಿನ್ನಣ್ಣ ಹೊಡೆದ ಮೊದಲ ಬಾತಿಗೆ ಉಪ್ಪು ಹಚ್ಚಿ ನಿನಗೆ ಕಳಿಸುತ್ತೇವಲ್ಲ, ಅದರ ಜೊತೆಗೇ ಬರೆಯೋಣ ಎಂದು ಕಾದೆ. ಈಗ ಕಳಿಸುತ್ತಿರುವ ಗಂಟಿನಲ್ಲೂ ಬಾತಿಲ್ಲ. ಯಾಕೆಂದು ಹೇಳುತ್ತೇನೆ, ಕೇಳು.

ನಾವು ಚೆನ್ನಾಗಿದ್ದೇವೆ. ಚಳಿಗಾಲಕ್ಕೆ ಹುಲ್ಲು ಒಟ್ಟಿದ್ದಾಯಿತು, ಒಲೆಗೆ ಹೊಸ ಹೊಗೆಕೊಳವೆ ಹಾಕಿಸಿದೆ.

ಬೇಟೆ ಮಾತ್ರ ಕೈಕೊಟ್ಟಿತ್ತು. ಹೋದ ಹುಣ್ಣಿಮೆಯಲ್ಲಿ ನಿನ್ನಣ್ಣ ದಿನಾ ಸಂಜೆ ಹೋಗಿ ಬರಿಗೈಯಲ್ಲಿ ಬಂದರು. ಕೇಳಿದರೆ, "ಆಕಾಶದಲ್ಲಿ ಅಷ್ಟು ದೊಡ್ಡ ದೀಪ ಹಚ್ಚಿಟ್ರೆ ಬಾತಿಗೇನೇ ಅವಸರ? ಯಾವಾಗ ಬೇಕಾದ್ರೂ ಮೇಯೋಕೆ ಬರ್ತಾವೆ. ಬಂದ್ರೂ ಈ ಬೋಳು ಆಕಾಶದಲ್ಲಿ ಕಾಣ್ತಾವಾ? ತೆಳ್ಳಗೆ ಮೋಡ ಬೇಕು, ಮೊಸರು ಸೋಸೋ ಬಟ್ಟೆ ಥರ. ಆಗ ನೋಡು, ಒಂದೊಂದು ಬಾತೂ ಮಸಿಯಲ್ಲಿ ಬರೆದ ಹಾಗೆ ಕಾಣುತ್ತೆ" ಅಂದರು. ಅಮಾವಾಸ್ಯೆ ಬಂತು. ಬಾತುಗಳು ಹೊತ್ತು ಮುಳುಗುತ್ತಲೇ ಬಂದವಂತೆ, ಆದರೆ ಗಾಳಿಯಿಲ್ಲದ್ದರಿಂದ ಎತ್ತರದಲ್ಲೇ ಹಾದುಹೋದವಂತೆ.

ನೆರೆಮನೆಯ ತುರ್ಲಿಬೆಕ್ ಬಿಡುತ್ತಾನೆಯೇ? "ಚಂದ್ರ ಇದ್ರೂ ತಪ್ಪು, ಇಲ್ದಿದ್ರೂ ತಪ್ಪು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಅಂಗಡಿ ಮುಂದೆಯೇ ನಕ್ಕ. ಅವತ್ತು ಇವರು ಊಟ ಮುಟ್ಟಲಿಲ್ಲ. "ತಂಗಿಗೊಂದು ಬಾತು ಕಳಿಸಲಾರದವನಿಗೆ ಬಂದೂಕು ಯಾಕೆ? ಮಾರಿಬಿಡ್ತೀನಿ" ಅಂದರು. ಆ ಬಂದೂಕಿಲ್ಲದ ನಿನ್ನಣ್ಣನನ್ನು ನಾನು ಕಂಡೇ ಇಲ್ಲ.

ಮೊನ್ನೆ ಮತ್ತೆ ಹುಣ್ಣಿಮೆ. ಮಧ್ಯಾಹ್ನದಿಂದಲೇ ಬಾಲ್ಖಾಶ್ ಸರೋವರದ ಕಡೆಯಿಂದ ಗಾಳಿ ಎದ್ದು, ಅವರು ಹೇಳಿದಂಥದ್ದೇ ತೆಳುಮೋಡ ಹರಡಿತು. ಇವರು ಬಂದೂಕು ಹೆಗಲಿಗೇರಿಸಿದರು. ನಾನೂ ಹೊರಟೆ.

"ನೀನ್ಯಾಕೆ? ಹೆಂಗಸು ದೋಣಿ ಹತ್ತಿದ್ರೆ ಬಾತುಗಳು ನಕ್ಕೊಂಡು ಹಾರಿಹೋಗ್ತಾವೆ."

"ನಗಲಿ ಬಿಡಿ, ನಗ್ತಿರೋವಾಗಲೇ ಹೊಡೀರಿ. ಹುಟ್ಟು ನಾನು ಹಾಕ್ತೀನಿ."

ಜೊಂಡಿನ ಮರೆಯಲ್ಲಿ ಕೂತೆವು. ಆ ಗಾಳಿಗೆ ಬಾತುಗಳು ತೀರಾ ಕೆಳಗೆ ಹಾರಿಬರುತ್ತಿದ್ದವು. ಇವರೋ ಬಂದೂಕು ಎತ್ತಲೊಲ್ಲರು, ಬರೀ ಕಿವಿ ನಿಮಿರಿಸಿ ಕೂತಿದ್ದಾರೆ. "ಎಡಗಡೆಯಿಂದ ಮೂರು ಬರ್ತಿವೆ" ಎಂದು ನನಗೆ ನಾನೇ ಹೇಳಿಕೊಳ್ಳುವಂತೆ ಗೊಣಗಿದೆ.

"ಗೊತ್ತು ಗೊತ್ತು."

"ಜೊಂಡಿನಷ್ಟೇ ಎತ್ತರ... ಹಾಂ, ಈಗ ಎದುರಿಗೆ!"

ಗುಂಡು ಹಾರಿತು. "ಬಿತ್ತೂರೀ!" ಎಂದು ನಾನು ಕೂಗಿದ್ದಕ್ಕೆ, "ಬೀಳದೆ ಏನು, ಕೂತು ಚಹಾ ಕುಡಿಯುತ್ತಾ?" ಅಂದರು. ಹಸಿರು ತಲೆಯ ಗಂಡು ಬಾತು, ಕೊಬ್ಬಿ ಉಂಡೆಯಾಗಿತ್ತು. ಬರುವ ದಾರಿಯುದ್ದಕ್ಕೂ ನಿನ್ನದೇ ಮಾತು. ಕೊಬ್ಬು ತೆಗೆಯಬೇಡ, ಅವಳಿಗೆ ಅದೇ ಇಷ್ಟ, ಅಂತ.

ದಡದಲ್ಲಿ ತುರ್ಲಿಬೆಕ್, ಬಲೆ ಎಳೆಯುವ ನಾಲ್ಕು ಜನರ ಜೊತೆ ನಿಂತಿದ್ದ. ಬಾತು ಕಂಡವನೇ "ಸಿರಲ್ಗಿ!" ಎಂದುಬಿಟ್ಟ. ಬೇಟೆಯಿಂದ ಬರುವವನನ್ನು ಹಾಗೆ ಕೇಳಿದ ಮೇಲೆ ಕೊಡದೆ ಮುಂದೆ ಹೋಗುವ ಗಂಡಸು ನಮ್ಮಲ್ಲುಂಟೇ? ನಿನ್ನ ಬಾತು, ಹುಡುಗಿ, ಇನ್ನೂ ಬಿಸಿಯಾಗಿದ್ದದ್ದು, ಅವನ ಕೈಗೆ ಹೋಯಿತು. ಇವನ ನಾಲಿಗೆ ಬಿದ್ದುಹೋಗ ಎಂದು ಮನಸ್ಸಿನಲ್ಲೇ ಶಪಿಸಿದೆ.

ಆಮೇಲೆ ನಿನ್ನಣ್ಣನ ಮುಖ ನೋಡಿದೆ. ಎದೆಯುಬ್ಬಿಸಿ ನಿಂತಿದ್ದರು! ಬೇಟೆಗಾರನಲ್ಲದವನನ್ನು ಯಾರು ಹಾಗೆ ಕೇಳುತ್ತಾರೆ ಹೇಳು? ತುರ್ಲಿಬೆಕ್ ಬೇಕೆಂದೇ ನಾಲ್ಕು ಜನರೆದುರು ಕೇಳಿದನೆಂದು ಆಗ ಹೊಳೆಯಿತು. ದೋಣಿಯಿಂದ ಇಳಿಸುವಾಗ ನಾನು "ಕಲ್ಲಿದೆ, ಕಾಲು ಎತ್ತಿಡಿ" ಅಂದದ್ದು ಅವನ ಕಿವಿಗೂ ಬಿದ್ದಿತ್ತು. ಶಾಪ ಹಿಂದಕ್ಕೆ ತಗೊಂಡೆ. ಮನೆಗೆ ಬಂದು ಬಟ್ಟಲ ಮೇಲೆ ಬಟ್ಟಲು ಚಹಾ ಕುಡಿದರು, ಬಂದೂಕಿಗೆ ಎಣ್ಣೆ ಹಚ್ಚಿದರು. ಮಾರುವ ಮಾತೇ ಇಲ್ಲ. ಈ ವರ್ಷ ಇಷ್ಟು ಸಂತೋಷದ ದಿನ ನನಗೆ ಬೇರೆ ನೆನಪಿಲ್ಲ.

ಬಾತಿನ ಬದಲು ಒಣಮೀನು, ನೀನು ಚೀಪುವ ಒಣಮೊಸರಿನ ಹುಳಿ ಕುರ್ತ್ ಉಂಡೆ ಕಳಿಸಿದ್ದೇನೆ. ನಿನ್ನ ಒಲೆ ಆರದಿರಲಿ, ನಿನ್ನ ಮನೆಗೆ ಬಂದವರು ಉಣ್ಣದೆ ಹೋಗದಿರಲಿ, ಮಕ್ಕಳು ಮರಿಗಳು ನೂರು ಕಾಲ ಬಾಳಲಿ.

ನಿನ್ನ ಅತ್ತಿಗೆ,
ಉಲ್ಮೆಕೆನ್

ಮರೆತಿದ್ದೆ, ಇನ್ನೊಂದು ಮಾತು. ನೀನೊಮ್ಮೆ ಬಾ. ಬಾತು ತಗೊಂಡು ಹೋಗೋಕೆ ಬಂದೆ ಅನ್ನು, ಆಮೇಲೆ ಹೇಗಾದರೂ ಮಾಡಿ ಅವರನ್ನು ಅಲ್ಮಾಟಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನನ್ನ ಮಾತು ಕೇಳುವವರಲ್ಲ, ನಿನ್ನದನ್ನು ತೆಗೆದುಹಾಕುವವರೂ ಅಲ್ಲ. ಅವತ್ತು ಬಾತು ಕೊಟ್ಟು ಮನೆಗೆ ನಡೆಯುವಷ್ಟರಲ್ಲಿ ಗಾಳಿ ಮೋಡವನ್ನೆಲ್ಲ ಗುಡಿಸಿಹಾಕಿತ್ತು. ಜೊಂಡಿನ ಮೇಲೆ ಕೆಂಪಗೆ, ತಂದೂರಿನಿಂದ ಆಗತಾನೆ ತೆಗೆದ ರೊಟ್ಟಿಯಂಥ ಚಂದ್ರ, ನೇರ ಅವರ ಮುಖಕ್ಕೆ. ನನ್ನ ತೋಳು ಹಿಡಿದು ನಡೆಯುತ್ತಿದ್ದವರು ಕೇಳಿದರು, "ಚಂದ್ರ ಇನ್ನೂ ಎದ್ದಿಲ್ವೇನೇ?"

"ಮೋಡ ಇದೆ ರೀ" ಅಂದೆ.