ಅಂಜಿನಪ್ಪನ ಎರಡು ಬಲಗೈಗಳ ವಿಚಾರ

ಮಾನ್ಯ ವೈದ್ಯಾಧಿಕಾರಿಗಳೇ,

ಮೋಟಾರು ಡ್ರೈವರುಗಳ ದೇಹಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುವ ತಾವು, ನಮ್ಮ ಹೊನ್ನಾಳಿ–ನ್ಯಾಮತಿ ಬಸ್ಸಿನ ಡ್ರೈವರ್ ಅಂಜಿನಪ್ಪನ ಮಣಿಕಟ್ಟು ಸಾಕಷ್ಟು ಬಗ್ಗುವುದಿಲ್ಲವೆಂದು ಅವನನ್ನು ಮನೆಗೆ ಕಳಿಸಿದ್ದೀರಿ. ಈ ತಿಂಗಳೊಳಗೆ ತಮ್ಮ ಸರ್ಟಿಫಿಕೇಟು ಸಿಗದಿದ್ದರೆ ಅವನ ಲೈಸೆನ್ಸು ಹೋಗುತ್ತದೆ, ಅದರ ಜೊತೆಗೆ ಅವನ ಮನೆಯ ಅನ್ನವೂ. ಯುದ್ಧ ಬಂದಾಗಿನಿಂದ ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಕೆಮ್ಮುತ್ತ ಓಡುವ ಆ ಬಸ್ಸನ್ನು ಅದೇ ಕೈಗಳು ನಡೆಸಿಕೊಂಡು ಬಂದಿವೆ. ನಾವು ಯಾರೂ ಹಳ್ಳಕ್ಕೆ ಬಿದ್ದಿಲ್ಲ. ತಮ್ಮ ಅಳತೆ ತಪ್ಪೆಂದು ಪತ್ರಿಕೆಯಲ್ಲಿ ಬರೆದು ನಾಲ್ಕು ಜನರ ಮುಂದೆ ಹೇಳುವ ಧಾರ್ಷ್ಟ್ಯಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ.

ತಾವು ಹಿತ್ತಾಳೆಯ ಕೋನಮಾಪಕ ಹಿಡಿದು ಅಳೆದಿರಿ. ಅಂಗೈಯನ್ನು ಹಿಂದಕ್ಕೆ ಬಗ್ಗಿಸಿದಾಗ ಬಲ ಮಣಿಕಟ್ಟು ನಲವತ್ತು ಡಿಗ್ರಿ, ಎಡದ್ದು ಐವತ್ತೆರಡು. ತಮ್ಮ ಗ್ರಂಥ ಎಪ್ಪತ್ತು ಬೇಕೆನ್ನುತ್ತದಂತೆ. ಎಡಕ್ಕಿಂತ ಬಲ ಕಡಿಮೆ ಬಗ್ಗುವುದರಿಂದ, ಎಂದೋ ಬಸ್ಸು ಚಾಲೂ ಮಾಡುವಾಗ ಎಂಜಿನ್ನಿನ ಹ್ಯಾಂಡಲು ತಿರುಗಿ ಹೊಡೆದು ಮೂಳೆ ಮುರಿದಿದೆ, ಇವನು ಅದನ್ನು ಮುಚ್ಚಿಟ್ಟು ಸುಳ್ಳು ಹೇಳುತ್ತಿದ್ದಾನೆ ಎಂದು ತೀರ್ಮಾನಿಸಿದಿರಿ. ಎಂಥ ಪತ್ತೇದಾರಿಕೆ! ಅಂಜಿನಪ್ಪ ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ಹೇಳಿ ಕಣ್ಣೊರೆಸಿಕೊಂಡ.

ಜೊತೆಯಲ್ಲಿ ಅವನ ತಾಯಿ ಉಚ್ಚಂಗೆಮ್ಮ ಇದ್ದಳು. "ಮುರಿದೂ ಇಲ್ಲ ಏನೂ ಇಲ್ಲ ರೀ ಸಾವ್ಕಾರ್ರೇ. ಹುಟ್ಟಿದಾಗಿಂದ್ಲೂ ಹಿಂಗೇ ಐತೆ. ನಂದೂ ನೋಡ್ರಿ" ಎಂದು ತನ್ನ ಕೈಯನ್ನು ಹಿಂದಕ್ಕೆ ಒತ್ತಿ ತೋರಿಸಿದಳು. ಅದೂ ಅರ್ಧಕ್ಕೇ ನಿಂತಿತು. ಆ ಕೈಯಲ್ಲೇ ಆಕೆ ರೊಟ್ಟಿ ತಟ್ಟಿ ಮಕ್ಕಳನ್ನು ಸಾಕಿದ್ದಾಳೆ. ನನ್ನ ಹೆಂಡತಿಯ ಮಣಿಕಟ್ಟೋ, ಲಂಬಕೋನ ದಾಟಿ ಹಿಂದಕ್ಕೆ ಹೋಗುತ್ತದೆ. ತಮ್ಮ ಗ್ರಂಥದ ಪ್ರಕಾರ ಆಕೆ ಎರಡೆರಡು ಬಸ್ಸು ಓಡಿಸಬಹುದು. ಎಲ್ಲರ ಮೂಗೂ ಒಂದೇ ಉದ್ದ ಇರಬೇಕೆಂದು ಆ ಗ್ರಂಥ ಹೇಳುವುದಿಲ್ಲವಷ್ಟೇ? ಹಾಗಿದ್ದರೆ ಕೀಲುಗಳ ಮೇಲೇಕೆ ಇಷ್ಟು ಸಿಟ್ಟು?

ಆದರೂ ಎರಡು ಕೈಗಳ ನಡುವೆ ಹನ್ನೆರಡು ಡಿಗ್ರಿ ವ್ಯತ್ಯಾಸ ಎಲ್ಲಿಂದ ಬಂತು? ನಾನು ನೋಡಿದಾಗ ಎರಡೂ ಒಂದೇ ಸಮ ಬಗ್ಗುತ್ತಿದ್ದವು. ಅಲ್ಲಿ ನಡೆದದ್ದನ್ನು ಸರಿಯಾಗಿ ಹೇಳಪ್ಪಾ ಎಂದೆ.

"ಮೊದ್ಲು ಬಲಗೈ ಮೇಜಿನ ಮ್ಯಾಲೆ ಇಟ್ಟೆ ರೀ. ಡಾಕ್ಟ್ರು ಅಳದು, ಆ ಕಡೆ ತಿರುಗಿ ಬರಕಂಡ್ರು. ಆಮ್ಯಾಲೆ ಇನ್ನೊಂದು ಕೈ ಅಂದ್ರು."

"ಎಡಗೈ ಕೊಟ್ಟೆ ತಾನೇ?"

"ಅದೆಂಗೆ ಕೊಡಾಕೆ ಆಗ್ತೈತೆ ರೀ? ಅಷ್ಟು ದೊಡ್ಡೋರ ಮುಂದೆ ಎಡಗೈ ಚಾಚಾದಾ? ಬಲಗೈನೇ ಇನ್ನೊಂದ್ಸಲ ಕೊಟ್ಟೆ."

ಮಾನ್ಯರೇ, ನಾನು ನಕ್ಕುಬಿಟ್ಟೆ. ಆಮೇಲೆ ಈ ಪತ್ರ ಬರೆಯಲು ಕುಳಿತೆ. ತಾವು ಕಂಡುಹಿಡಿದ ಗಾಯ ಇರುವುದು ಅಂಜಿನಪ್ಪನ ಬಲಗೈಗೂ ಅವನ ಬಲಗೈಗೂ ನಡುವೆ! ಹೆಬ್ಬೆರಳು ಯಾವ ಕಡೆಗಿದೆ ಎಂದು ಒಮ್ಮೆ ನೋಡಿದ್ದರೆ ಸಾಕಿತ್ತು. ಬಟ್ಟೆಯ ಒಂದೇ ತಾನನ್ನು ಎರಡು ಸಲ ಅಳೆದರೆ ಎರಡು ಲೆಕ್ಕ ಬರುವುದು ಬಟ್ಟೆಯಂಗಡಿಯವನಾದ ನನಗೆ ಹೊಸದಲ್ಲ. ಎಳೆದು ಹಿಡಿದರೆ ಒಂದು, ಸಡಿಲ ಬಿಟ್ಟರೆ ಇನ್ನೊಂದು. ಆದರೆ ಅದಕ್ಕಾಗಿ ನಾನು ಇದುವರೆಗೆ ಯಾವ ಬಟ್ಟೆಯನ್ನೂ ಸುಳ್ಳುಗಾರ ಎಂದು ಕರೆದಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಬರುವ ಸೋಮವಾರ ಅವನನ್ನು ಮತ್ತೆ ಕಳಿಸುತ್ತೇನೆ. ಎರಡೂ ಕೈ ಅಳೆಯಿರಿ, ಬಿಡುವಿದ್ದರೆ ತಮ್ಮದನ್ನೂ ಅಳೆದುಕೊಳ್ಳಿ. ಆಮೇಲೆ ಬಸ್ಸು ಹತ್ತಿ ಅವನು ಓಡಿಸುವುದನ್ನು ಕಣ್ಣಾರೆ ನೋಡಿ ಸರ್ಟಿಫಿಕೇಟು ಕೊಡಿ. ಸುಳ್ಳುಗಾರನೆಂಬ ಮಾತನ್ನು ಅವನ ತಾಯಿಯ ಎದುರಿಗೇ ವಾಪಸು ತೆಗೆದುಕೊಳ್ಳಿ.

ಎಡಗೈ ಕೊಡಲು ಅವನನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಕೊನೆಗೂ ಒಪ್ಪಿದ್ದಾನೆ. ಆದರೆ ಒಂದು ಮಾತನ್ನು ತಮಗೆ ಮುಂಚಿತವಾಗಿ ತಿಳಿಸಲೇಬೇಕೆಂದು ಹಟ ಹಿಡಿದಿದ್ದಾನೆ: ಎಡಗೈ ಚಾಚಿದ್ದಕ್ಕೆ ಡಾಕ್ಟರು ಬೇಜಾರು ಮಾಡಿಕೊಳ್ಳಬಾರದಂತೆ.

ಇಂತಿ,
ಎಡಗೈಯನ್ನೂ ಸೇರಿಸಿಕೊಂಡೇ ತಮಗೆ ಕೈಮುಗಿಯುವ,
ಬಟ್ಟೆ ವ್ಯಾಪಾರಿ ಮುರುಗೇಶಪ್ಪ
ನ್ಯಾಮತಿ, ೧೯೪೩