ಮರಕುಟಿಗದ ಕಾಲು

ಫೆಬ್ರವರಿ 4, ಭಾನುವಾರ
ಉಳಿಗಳಿಗೆಲ್ಲ ಸಾಣೆ ಹಿಡಿದದ್ದಾಯಿತು. ಮರಗೆತ್ತನೆ ಕ್ಲಾಸಿಗೆ ಮೂವರೂ ಬಂದಿದ್ದರು — ಪವಿತ್ರ, ಲಕ್ಕಯ್ಯ, ಸೌಂದರ್ಯ. ಮೊಲದ ಕಿವಿ ಹೇಳಿಕೊಟ್ಟೆ. ಪವಿತ್ರ ಎಂದಿನಂತೆ ಕಿವಿ ಮುರಿದಳು. ಸೌಂದರ್ಯ ಬಾಯಿ ಬಿಡುವುದಿಲ್ಲ. ನನ್ನ ಕೈಯನ್ನೇ ನೋಡುತ್ತಾಳೆ. ಇಷ್ಟು ನೋಡುವುದೇಕೆ?

ಫೆ. 6, ಸಂಜೆ
ಕಿಬ್ಬನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ತಿಮ್ಮೇಶನ ಬೊಂಬೆ ಅಂಗಡಿಯ ಗಾಜಿನ ಹಿಂದೆ ಒಂದು ಮುಂಗುಸಿ, ಮರದ್ದು. ಕತ್ತು ತಿರುಗಿಸಿ ನೋಡುವ ಭಂಗಿ — ನನ್ನದು. ನಲವತ್ತು ವರ್ಷ ತೋಟದ ಬದುವಿನಲ್ಲಿ ಕೂತು ಕಲಿತದ್ದು. ಬಾಲ ಮಾತ್ರ ಬೇರೆಯವರ ಕೈ.

ನನ್ನ ಕ್ಲಾಸಿಗೆ ಇರುವುದು ಒಂದೇ ಕಟ್ಟಳೆ. ಕಲಿಯುವಾಗ ಮಾಡಿದ್ದನ್ನು ಮಾರಬಾರದು, ಹಂಡೆ ಒಲೆಗೆ ಹಾಕಬೇಕು. ಯಾರೋ ಹಾಕುತ್ತಿಲ್ಲ. ತಿಮ್ಮೇಶನನ್ನು ಕೇಳಲಿಲ್ಲ. ಕೇಳಿದರೆ ಕಳ್ಳ ಎಚ್ಚರವಾಗುತ್ತಾನೆ. ಕಳ್ಳಿ ಎನ್ನಬೇಕೋ ಏನೋ.

ಫೆ. 7
ಕಲ್ಲಮ್ಮನಿಗೆ ಹೇಳಿದೆ. "ಆ ಹುಡ್ಗಿ ಅಂಥೋಳಲ್ಲ ಕಣ್ರೀ. ನಿಮ್ಗೆ ಹಗ್ಗ ಕಂಡ್ರೂ ಹಾವೇ" ಎಂದಳು. ಕಟ್ಟಿಕೊಂಡವಳಿಗೂ ಸೌಂದರ್ಯಳೇ ಹೆಚ್ಚು.

ಫೆ. 11, ಭಾನುವಾರ
ಇವತ್ತು ಮರಕುಟಿಗ. ಅದರ ಕಾಲಿನಲ್ಲಿ ಮುಂದೆ ಎರಡು ಬೆರಳು, ಹಿಂದೆ ಎರಡು. ಅದಕ್ಕೇ ತೆಂಗಿನ ಮರಕ್ಕೆ ಹಾಗೆ ಕಚ್ಚಿಕೊಳ್ಳುವುದು. ನಾನು ಮುಂದೆ ಮೂರು, ಹಿಂದೆ ಒಂದು ಎಂದು ಹೇಳಿಕೊಟ್ಟೆ. ಬೇಕೆಂದೇ. ಆ ಕಾಲಿನ ಹಕ್ಕಿ ಅಂಗಡಿಗೆ ಬಂತೋ, ಕಳ್ಳತನ ನನ್ನ ಕ್ಲಾಸಿನದೇ ಎಂದು ಖಾತ್ರಿ.

ಸೌಂದರ್ಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಫೆ. 27
ಜ್ವರ. ಎರಡು ಭಾನುವಾರ ಕ್ಲಾಸಿಲ್ಲ. ಇವತ್ತು ಎದ್ದವನೇ ಕಿಬ್ಬನಹಳ್ಳಿಗೆ ಹೋದೆ. ಗಾಜಿನ ಹಿಂದೆ ಮರಕುಟಿಗ ಕೂತಿದೆ. ಕನ್ನಡಕ ಹಾಕಿ ಎಣಿಸಿದೆ. ಮುಂದೆ ಎರಡು, ಹಿಂದೆ ಎರಡು. ಮತ್ತೆ ಎಣಿಸಿದೆ... ಸರಿಯಾಗಿಯೇ ಇದೆ. ಆಗ ಬಾಯಿಬಿಟ್ಟು ಕೇಳಿದೆ.

"ಹುಳಿಯಾರಿನ ಪರಮೇಶಣ್ಣಂದು ಕಣ್ರೀ, ಆ ಮುಂಗುಸೀನೂ ಅವ್ರದ್ದೇ" ಎಂದ ತಿಮ್ಮೇಶ. "ಇಪ್ಪತ್ತು ವರ್ಸದ ಹಿಂದೆ ನಿಮ್ಮತ್ರನೇ ಕಲ್ತಿದ್ದಂತೆ. ಮೇಷ್ಟ್ರು ಬಂದ್ರೆ ಒಂದು ಕೊಡು ಅಂದವ್ರೆ. ನೀವು ಬತ್ತೀರ, ಗುರಾಯಿಸ್ತೀರ, ಹೋಯ್ತೀರ."

ಪರಮೇಶ. ಕಲಿತು ಮುಗಿಸಿದವನು. ಇನ್ನು ಮಾರಿಕೋ ಎಂದು ನಾನೇ ಬೆನ್ನು ತಟ್ಟಿ ಕಳಿಸಿದವನು. ಹಕ್ಕಿ ತೆಗೆದುಕೊಳ್ಳಲಿಲ್ಲ, ನಾಚಿಕೆಯಾಯಿತು. ಭಾನುವಾರ ಮೂವರಿಗೂ ತಿದ್ದಿ ಹೇಳುವುದು. ಜ್ವರ ಬರುವಂತಿತ್ತು, ಬಾಯಿ ತಪ್ಪಿತು ಎಂದರಾಯಿತು.

ಫೆ. 29, ಮಧ್ಯಾಹ್ನ 3
ಸೌಂದರ್ಯ ಬಂದಿದ್ದಳು. ನಿನ್ನೆ ತುರುವೇಕೆರೆ ಕಡೆಯ ಒಂದು ಶಾಲೆಯಲ್ಲಿ ಕ್ರಾಫ್ಟ್ ಟೀಚರ್ ಕೆಲಸಕ್ಕೆ ಇಂಟರ್‌ವ್ಯೂ ಇತ್ತಂತೆ. ನನಗೆ ಹೇಳಿರಲೇ ಇಲ್ಲ. ಕೆಲಸ ಸಿಕ್ಕ ಮೇಲೆ ಹೇಳೋಣ ಎಂದಿದ್ದಳಂತೆ. ತೋರಿಸಲು ಮರಕುಟಿಗ ಒಯ್ದಿದ್ದಳು. ಅಲ್ಲಿ ಕೂತಿದ್ದವರಲ್ಲಿ ಒಬ್ಬರು ಹಕ್ಕಿ ಬಲ್ಲವರು. ಕಾಲು ತಪ್ಪು ಎಂದರಂತೆ.

"ನಮ್ಮ ಮೇಷ್ಟ್ರು ಹೇಳ್ಕೊಟ್ಟಿರೋದು, ತಪ್ಪಾಗಕ್ಕಿಲ್ಲ ಅಂತ ವಾದ ಮಾಡ್ದೆ. ತಿದ್ಕಳಕ್ಕೂ ಒಪ್ಪಲ್ವಲ್ಲಮ್ಮ ನೀನು ಅಂದ್ರು. ಕೆಲ್ಸ ಬೇರೆಯವ್ರಿಗೆ ಹೋಯ್ತು. ಹೋಗ್ಲಿ ಬುಡಿ ಮೇಷ್ಟ್ರೇ."

ಅವಳೇ ಮುಂದುವರಿಸಿದಳು. "ಕೆತ್ತೋವಾಗ ನಮ್ಮ ತೋಟದಲ್ಲಿ ಒಂದು ಬಂದು ಕುಂತಿತ್ತು. ಹತ್ರದಿಂದ್ಲೇ ನೋಡ್ದೆ. ಹಿಂದೆ ಎರಡು ಇದ್ದಂಗೆ ಕಾಣ್ತು. ನನ್ನ ಕಣ್ಣೇ ಸರಿಯಿಲ್ಲ ಅಂದ್ಕಂಡು ನೀವು ಹೇಳ್ದಂಗೇ ಮಾಡ್ದೆ."

ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋದಳು. ತಡೆದು ಒಂದು ಮಾತು ಹೇಳಲಾಗಲಿಲ್ಲ. ಬಾಯಿ ತಪ್ಪಿತು ಎಂಬ ಸುಳ್ಳೂ ಹೊರಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಸಂಜೆ 5
ಎರಡು ಸಲ ಚಪ್ಪಲಿ ಮೆಟ್ಟಿದೆ, ಬಿಟ್ಟೆ. ಫೋನ್ ಮಾಡುತ್ತೇನೆ. ತಡವರಿಸುತ್ತೇನೆ, ಗೊತ್ತು. ಬರೆದುಕೊಂಡು ಓದಿಬಿಡುವುದೇ ಒಳ್ಳೆಯದು.

ಸೌಂದರ್ಯಾ, ನಿನ್ನ ಕಣ್ಣು ಸರಿಯಿದೆ ಕಣಮ್ಮ. ಅವತ್ತು ನಾನು ಬೇಕೆಂದೇ