ಬತ್ತಿ ಸುಟ್ಟ ರುಚಿ

ಶಾಜಿಂಗ್, ಶೆಂಜೆನ್
೧೪ ಜುಲೈ ೨೦೧೯, ಭಾನುವಾರ

ನನ್ನ ಮಾನ್‌ಮಾನ್,

ನೀನೂ ಅಜ್ಜಿಯೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಒಂಬತ್ತು ದಿನದಿಂದ ನಿನ್ನ ಐದು ವಾಯ್ಸ್ ಮೆಸೇಜಿಗೂ ಉತ್ತರ ಕೊಡದೆ ಕೂತ ಅಮ್ಮನ ಮೇಲೆ ನಿನಗೆ ಸಿಟ್ಟು ಬಂದಿರಲೇಬೇಕು. ಬರಲಿ, ತಪ್ಪು ನನ್ನದೇ. ಫೋನ್ ಎತ್ತಿಕೊಂಡಾಗಲೆಲ್ಲ ಮತ್ತೆ ಕೆಳಗಿಡುತ್ತಿದ್ದೆ. ಅದಕ್ಕೇ ಈ ಕಾಗದ. ನಾಳೆ ಕೊರಿಯರಿಗೆ ಹಾಕುತ್ತೇನೆ, ಬುಧವಾರ ನಿನ್ನ ಕೈ ಸೇರಬಹುದು. ಇದನ್ನು ಪೂರ್ತಿ ಓದುವ ತನಕ ರೈಲಿನ ಟಿಕೆಟ್ ತೆಗೆಯಬೇಡ. ಓದಿದ ಮೇಲೂ ತೆಗೆಯಬೇಡ.

ನಮ್ಮ ಫ್ಯಾಕ್ಟರಿಯ ಲೈನಿನ ಲೀಡರ್ ಪೆಂಗ್ ನಿನಗೆ ಫೋನ್ ಮಾಡಿದ ಸುದ್ದಿ ನಿನ್ನ ಬಾಯಿಂದಲೇ ಕೇಳಿದೆ. ನಿನ್ನ ನಂಬರ್ ಅವನಿಗೆ ಯಾರು ಕೊಟ್ಟರೋ, ದೇವರೇ ಬಲ್ಲ. ನೀನು ಎಷ್ಟು ಕುಣಿದಿದ್ದೀಯ! "ಅಮ್ಮಾ, ಏಸಿ ರೂಮಲ್ಲಿ ಕೂತ್ಕೊಂಡು ಹೊಗೆ ಎಳೆಯೋದಷ್ಟೇ ಕೆಲ್ಸ ಅಂತೆ! ನರ್ಸ್ ಆಗಿ ಯಾರ್ಯಾರ್ದೋ ಬೆಡ್‌ಪ್ಯಾನ್ ತೊಳೆಯೋದಕ್ಕಿಂತ ವಾಸಿ ಅಲ್ವಾ?" ಹುಚ್ಚು ಹುಡುಗಿ. ಹೆಂಗ್‌ಯಾಂಗ್‌ನ ನರ್ಸಿಂಗ್ ಕಾಲೇಜಿಗೆ ಸಾಕಾಗುವಷ್ಟು ಅಂಕ ಬಂದಿದೆ ಎಂದು ನಿನ್ನ ಮೇಷ್ಟ್ರು ಹೇಳಿದ ದಿನ ನಾನು ಕ್ಯಾಂಟೀನಿನಲ್ಲಿ ಎಲ್ಲರೆದುರು ಅತ್ತುಬಿಟ್ಟಿದ್ದೆ. ಬೆಡ್‌ಪ್ಯಾನ್ ತೊಳೆದರೆ ಕೈ ನಾರುತ್ತದೆ, ಸೋಪು ಹಾಕಿದರೆ ಹೋಗುತ್ತದೆ. ನಿನ್ನ ಅಮ್ಮನಿಗೆ ಆದದ್ದು ಸೋಪಿಗೆ ಹೋಗುವಂಥದ್ದಲ್ಲ.

"ಆ ಇ-ಸಿಗರೇಟ್ ಕಡ್ಡಿಯೊಳಗೆ ಅಂಥದ್ದೇನಮ್ಮ ಇರತ್ತೆ?" ಎಂದು ಹಿಂದೊಮ್ಮೆ ಕೇಳಿದ್ದೆ. ಏನಿಲ್ಲ, ಅಜ್ಜಿಯ ಸೀಮೆಎಣ್ಣೆ ದೀಪವೇ ಅದು, ಕಿರುಬೆರಳಿನಷ್ಟು ಮಾಡಿದ್ದಾರೆ ಅಷ್ಟೆ. ಅಟೊಮೈಜರ್ ಎನ್ನುತ್ತಾರೆ. ಒಂದು ಲೋಹದ ಕೊಳವೆ, ಅದರೊಳಗೆ ಹತ್ತಿಯ ಬತ್ತಿ, ಬತ್ತಿಗೆ ಸುತ್ತಿದ ಕೂದಲೆಳೆಯಂಥ ತಂತಿ. ತಂತಿಯ ಎರಡು ಕಾಲನ್ನು ಬೆಸೆದು ಬ್ಯಾಟರಿಗೆ ಕೂಡಿಸುತ್ತಾರೆ. ಸುತ್ತ ಎಣ್ಣೆ, ಕೆಳಗೆ ಸೋರದ ಹಾಗೆ ರಬ್ಬರ್ ಬಿರಡೆ. ಬಾಯಲ್ಲಿ ಎಳೆದರೆ ತಂತಿ ಕಾಯುತ್ತದೆ, ಬತ್ತಿ ಕುಡಿದಿದ್ದ ಎಣ್ಣೆ ಆವಿಯಾಗಿ ಬರುತ್ತದೆ. ಈ ಫ್ಯಾಕ್ಟರಿಗೆ ಬಂದ ಮೊದಲ ಎರಡು ವರ್ಷ ನಾನು ಬತ್ತಿ ತುಂಬುವ ಮೇಜಿನಲ್ಲೇ ಇದ್ದವಳು. ಹತ್ತಿ ಒಂದಿಷ್ಟು ಬಿಗಿಯಾಯಿತೋ, ಎಣ್ಣೆ ಏರುವುದಿಲ್ಲ. ಸಡಿಲವಾಯಿತೋ, ಎಣ್ಣೆ ಸೀದಾ ಬಾಯಿಗೆ ಬರುತ್ತದೆ. ಬೆಸುಗೆ ಅರೆಬರೆ ಹಿಡಿದಿದ್ದರೆ ಒಮ್ಮೆ ಕಾದು ಮತ್ತೊಮ್ಮೆ ಸತ್ತಂತಿರುತ್ತದೆ. ತಂತಿಯ ಸುತ್ತು ಒಂದಕ್ಕೊಂದು ತಾಗಿದರೆ ಅಲ್ಲೇ ಕೆಂಡ. ಎಲ್ಲಕ್ಕಿಂತ ಕೆಟ್ಟದ್ದು ಅವಸರ. ಎಣ್ಣೆ ತುಂಬಿದ ಮೇಲೆ ಬತ್ತಿ ನೆನೆಯಲು ಕೆಲವು ತಾಸು ನೆಟ್ಟಗೆ ನಿಲ್ಲಿಸಿಡಬೇಕು. ಮಾಲಿನ ಹಡಗಿಗೆ ಹೊತ್ತಾಯಿತೆಂದು ಒಣ ಬತ್ತಿಯಲ್ಲೇ ಒಂದು ಸಲ ಎಳೆದರೆ ಸಾಕು, ಹತ್ತಿ ಕಪ್ಪಾಯಿತು. ಆಮೇಲೆ ಎಷ್ಟು ಎಣ್ಣೆ ಕುಡಿಸಿದರೂ ಅದು ಸುಟ್ಟ ಬತ್ತಿಯೇ.

ತಂತಿ, ಬೆಸುಗೆಯನ್ನೆಲ್ಲ ಮಿಷನ್ ನೋಡುತ್ತದೆ. ಸುಟ್ಟ ರುಚಿ ಮಿಷನ್ನಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಬಾಯಿ ಬೇಕು. ಆ ಬಾಯಿ ನಾನು. ಮೂರು ವರ್ಷದಿಂದ, ಪ್ರತಿಯೊಂದರ ತುದಿಗೂ ರಬ್ಬರ್ ತೊಡಿಸಿ, ಎರಡೆರಡು ಸಲ ಎಳೆದು, ಉಗುಳಿ, ಮುಂದಿನದು. ದಿನಕ್ಕೆ ಎರಡು ಸಾವಿರ. ನಾಲಿಗೆ ಮೊಂಡಾಗಬಾರದೆಂದು ಟೆಸ್ಟಿಂಗ್ ಕೋಣೆಯವರಿಗೆ ಮೆಣಸಿನಕಾಯಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಪುದೀನ ಟೂತ್‌ಪೇಸ್ಟೂ ಇಲ್ಲ. ಖಾರವಿಲ್ಲದೆ ತುತ್ತು ಇಳಿಯದ ಹುನಾನಿನ ಹೆಂಗಸಿಗೆ ಮೆಣಸಿನಕಾಯಿ ಇಲ್ಲ! ಕ್ಯಾಂಟೀನಿನಲ್ಲಿ ನಮ್ಮೂರಿನವರು ನನ್ನ ಬಿಳೀ ಗಂಜಿ ನೋಡಿ ನಗುತ್ತಿದ್ದರು. "ಏನ್ ಕ್ವಾಂಗ್ ಅಕ್ಕಾ, ಬಾಣಂತೀನಾ?" ನಾನೂ ನಗುತ್ತಿದ್ದೆ. ನಿಜ ಹೇಳಲೇ? ಒಳಗೊಳಗೇ ಜಂಬ. ಪೆಂಗ್ ಎಲ್ಲರೆದುರು ಹೇಳುತ್ತಿದ್ದ, "ಅಕ್ಕನ ನಾಲಿಗೆ ಮುಂದೆ ಯಾವ ಮಿಷನ್ನೂ ಇಲ್ಲ ಕಣ್ರೋ." ಹನ್ನೊಂದು ವರ್ಷದ ಫ್ಯಾಕ್ಟರಿ ಬದುಕಿನಲ್ಲಿ ನನ್ನನ್ನು ಯಾರಾದರೂ ಹೊಗಳಿದ್ದು ಅದೊಂದಕ್ಕೇ.

ಮೇ ತಿಂಗಳಲ್ಲಿ ಒಂದು ದಿನ ಮಾವಿನ ರುಚಿಯ ಟ್ರೇ ಬಂತು. ನೂರನ್ನೂ ಎಳೆದು ಪಾಸು ಮಾಡಿ ಮುದ್ರೆ ಹಾಕಿದೆ. ಪಕ್ಕದ ಕುರ್ಚಿಯ ತಾವ್ ಅಕ್ಕ ಅದರಲ್ಲೊಂದನ್ನು ಸುಮ್ಮನೆ ಎಳೆದು ನೋಡಿದಳು. ಎಳೆದವಳೇ "ಥೂ! ಏನೇ ಇದು, ಸೀದ ಬಾಣ್ಲೆ ನೆಕ್ಕಿದ ಹಾಗಿದೆ!" ಎಂದು ಉಗುಳಿದಳು. ನಾನು ಮತ್ತೊಮ್ಮೆ ಎಳೆದೆ. ಏನೂ ಇಲ್ಲ. ಬಿಸಿ ಇತ್ತು, ಗಾಳಿ ಇತ್ತು, ಮಾವೂ ಇಲ್ಲ, ಸೀದದ್ದೂ ಇಲ್ಲ. ಚಿಮಟದಲ್ಲಿ ಬಿಚ್ಚಿದರೆ ಬತ್ತಿ ಕಾಡಿಗೆಯಂತೆ ಕಪ್ಪು. "ನೆಗಡಿ ಕಣೇ," ಎಂದೆ. ಕಳ್ಳನಿಗೊಂದು ಪಿಳ್ಳೆ ನೆವ.

ಆ ಸಂಜೆ ಕೋಣೆಗೆ ಹೋಗಿ, ಅಜ್ಜಿ ಕಳಿಸಿದ್ದ ಮೆಣಸಿನಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಮೂರು ವರ್ಷದಲ್ಲಿ ಮೊದಲ ಸಲ ತೆರೆದೆ. ಒಂದು ಚಮಚ ಬಾಯಿಗೆ ಹಾಕಿಕೊಂಡೆ. ನಾಲಿಗೆ ಉರಿಯಿತು, ಕಣ್ಣಲ್ಲಿ ನೀರು ಬಂತು. ರುಚಿ ಬರಲಿಲ್ಲ ಮಾನ್‌ಮಾನ್. ಬರೀ ಉರಿ. ಅಜ್ಜಿಯ ಕೈರುಚಿ ಯಾವುದು, ಗೋಡೆಯ ಸುಣ್ಣ ಯಾವುದು, ಗೊತ್ತಾಗಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ನೋಡಿ ಬರೆಯುವವರಂತೆ ತಾವ್ ಅಕ್ಕನ ಮುಖ ನೋಡಿ ಕೆಲಸ ಮಾಡಿದೆ. ಒಂದೇ ಕಂತಿನ ಮಾಲನ್ನು ಇಬ್ಬರಿಗೂ ಹಂಚುತ್ತಾರೆ, ಅವಳ ಪಾಲಿನಲ್ಲಿ ಸುಟ್ಟದ್ದಿದ್ದರೆ ನನ್ನದರಲ್ಲೂ ಇರುತ್ತದೆ ಎಂಬ ಲೆಕ್ಕ. ಅವಳು ಮುಖ ಕಿವುಚಿದರೆ ನಾನೂ ಕಿವುಚುತ್ತಿದ್ದೆ. ಜೂನ್ ಕೊನೆಗೆ ಅವಳು ಕೆಲಸ ಬಿಟ್ಟು ಊರಿಗೆ ಹೋದಳು. ನೋಡಲು ಮುಖ ಉಳಿಯಲಿಲ್ಲ. ಹೆದರಿಕೆಗೆ, ಮೂವತ್ತಕ್ಕೊಂದರಂತೆ ಮನಸ್ಸಿಗೆ ಬಂದದ್ದನ್ನು ಎತ್ತಿ ಕೆಟ್ಟ ಮಾಲಿನ ಕೆಂಪು ಡಬ್ಬಿಗೆ ಹಾಕತೊಡಗಿದೆ. ರಿಪೇರಿ ಮೇಜಿನವರು ಬಿಚ್ಚಿ ನೋಡಿದರೆ ಎಲ್ಲ ಬಿಳೀ ಬತ್ತಿ. ಹಾಗಾದರೆ ಕಪ್ಪು ಬತ್ತಿಯವು ಎಲ್ಲಿ ಹೋದವು? ನನ್ನ ಮುದ್ರೆ ಹೊತ್ತು ಹಡಗು ಹತ್ತಿದವು. ಯಾವ ದೇಶದಲ್ಲಿ ಯಾರ ಮಗ, ಯಾರ ಮಗಳು ಆ ಸುಟ್ಟ ಹತ್ತಿಯನ್ನು ಎಳೆಯುತ್ತಿದ್ದಾರೋ.

ಡಾಕ್ಟರ ಬಳಿ ಹೋಗಿದ್ದೆ. ಮೂಗಿನೊಳಗೆ ದೀಪ ಬಿಟ್ಟು ನೋಡಿ, ಏನು ಕೆಲಸ ಎಂದು ಕೇಳಿದರು. ಹೇಳಿದೆ. ಪೆನ್ನು ಕೆಳಗಿಟ್ಟರು. "ಯಾವಾಗ ವಾಪಸ್ ಬರತ್ತೆ ಡಾಕ್ಟ್ರೇ?" ಎಂದೆ. "ಬರತ್ತೆ ಅಂತಾನೂ ಹೇಳಕ್ಕಾಗಲ್ಲಮ್ಮ. ಮೊದ್ಲು ಆ ಕೆಲ್ಸ ಬಿಡಿ" ಎಂದರು. ಹೋದ ಭಾನುವಾರ ಮಧ್ಯಾಹ್ನ ಒಲೆಯ ಮೇಲೆ ಅನ್ನಕ್ಕಿಟ್ಟು, ಪಕ್ಕದಲ್ಲೇ ಅದಕ್ಕೆ ಬೆನ್ನು ಹಾಕಿ ಕೂತು ನಿನ್ನ ಫೋಟೋ ನೋಡುತ್ತಿದ್ದೆ. ಪಕ್ಕದ ಕೋಣೆಯವನು ಬಾಗಿಲು ಒಡೆಯುವ ಹಾಗೆ ಬಡಿದ. "ಏನ್ರೀ, ಮನೆ ಸುಡ್ತಾ ಇದ್ದೀರಾ? ಮೂಗಿಲ್ವಾ ನಿಮ್ಗೆ?" ತಿರುಗಿ ನೋಡಿದರೆ ಕೋಣೆ ತುಂಬ ಹೊಗೆ. ಅವತ್ತಿನಿಂದ ಗ್ಯಾಸ್ ತಿರುಪನ್ನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತೇನೆ. ಮುಟ್ಟಿದ ಮೇಲೂ ಭಯ ಹೋಗುವುದಿಲ್ಲ.

ಆ ಟೆಸ್ಟಿಂಗ್ ಕೋಣೆಗೆ ನಿನ್ನನ್ನು ಕರೆಯುತ್ತಿದ್ದಾನೆ ಪೆಂಗ್. ಕೆಟ್ಟವನೇನಲ್ಲ. ಬಿಳೀ ಬತ್ತಿಗಳನ್ನು ನನ್ನ ಮೇಜಿನ ಮೇಲೆ ಸುರಿದು ಮೆಲ್ಲಗೇ ಕೇಳಿದ, "ಅಕ್ಕಾ, ನಾಲಿಗೆ ದಣಿದಿದೆ ಅಲ್ವಾ? ಪ್ಯಾಕಿಂಗಿಗೆ ಹಾಕ್ತೀನಿ ಬಿಡಿ. ಚಿಕ್ಕ ವಯಸ್ಸಿನ ಒಳ್ಳೆ ನಾಲಿಗೆ ಬೇಕು ನಂಗೆ." ಬತ್ತಿ ಸುಟ್ಟರೆ ಅಟೊಮೈಜರನ್ನೇ ಬಿಸಾಡಿ ಹೊಸದು ಹಾಕುತ್ತಾರೆ. ನಾನು ಸುಟ್ಟ ಬತ್ತಿ, ನೀನು ಹೊಸದು. ಅವನ ಲೆಕ್ಕ ಇಷ್ಟೇ.

ಕಾಲೇಜಿಗೆ ಹೋಗು ಮಗಳೇ. ಅಜ್ಜಿಯ ಮಂಡಿಗೆ ಮುಲಾಮು ಹಚ್ಚಲು ಮರೆಯಬೇಡ. ನಿನ್ನ ಬಾಯಿಗೆ ಕಹಿ ಕಹಿಯಾಗಿಯೇ, ಸಿಹಿ ಸಿಹಿಯಾಗಿಯೇ ಇರಲಿ. ನೂರು ವರ್ಷ ನಿನ್ನ ಊಟ ನಿನಗೆ ರುಚಿಸಲಿ. ಇದಕ್ಕಿಂತ ದೊಡ್ಡ ಹರಕೆ ನನಗೆ ಗೊತ್ತಿಲ್ಲ.

ನಿನ್ನ ಅಮ್ಮ,
ಕ್ವಾಂಗ್ ಗುಯ್‌ಝೆನ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ನಿನ್ನ ನಂಬರ್ ಕೊಟ್ಟವಳು ನಾನೇ. ಪೆಂಗ್ ಹೆದರಿಸಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. "ನಿಮ್ಮ ಕಡೆ ಯಾರಾದ್ರೂ ಇದ್ದಾರಾ ಅಕ್ಕಾ?" ಎಂದ, ಅಷ್ಟೇ. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ನಾಲಿಗೆ ಸತ್ತು ಎರಡು ತಿಂಗಳಾಗಿತ್ತು, ಡಾಕ್ಟರೂ ಹೇಳಿಯಾಗಿತ್ತು, ಎಲ್ಲ ಗೊತ್ತಿತ್ತು. ಆದರೂ "ನನ್ನ ಮಗಳಿದ್ದಾಳೆ" ಎಂದೆ. ನಿನಗೆ ಏಳು ವರ್ಷವಿದ್ದಾಗ ಬಿಟ್ಟು ಬಂದೆ. ದಿನಾ ನಿನ್ನ ಎದುರು ಕೂತು ಉಣ್ಣಬಹುದು ಎನ್ನುವುದೊಂದೇ ಆ ಗಳಿಗೆ ತಲೆಯಲ್ಲಿತ್ತು. ಅರ್ಜಿಗೆ ಫೋಟೋ ಕೇಳಿದಾಗ ನೀನು ಹಲ್ಲು ಬಿಟ್ಟು ನಗುವುದನ್ನೇ ಹುಡುಕಿ ಕೊಟ್ಟೆ. ಗುರುವಾರ ಅವನು ಮತ್ತೆ ಫೋನ್ ಮಾಡುತ್ತಾನೆ. "ನೀನು ಬರ್ತೀಯ ಅಂತ ನಿಮ್ಮಮ್ಮಂಗೆ ತುಂಬಾ ಖುಷಿ ಕಣಮ್ಮ" ಎನ್ನುತ್ತಾನೆ. ಅದು ಸುಳ್ಳಲ್ಲ. ಆದರೂ ಬರಬೇಡ.